ಸಹಾಯ ಬೇಕು: "ಯೇಸು ಸ್ವಾಮಿ ಕರಗಿ ಹೋದ್ರಾ?" ಅಂತ ಮಗಳು ಕೇಳ್ತಾಳೆ, ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ಈಸ್ಟರ್ ಅಂದ್ರೆ ಬರೀ ಚಾಕೊಲೇಟ್ ಮೊಟ್ಟೆ ಅಲ್ಲ, ಯೇಸು ಸಮಾಧಿಯಿಂದ ಎದ್ದು ಬಂದ ಹಬ್ಬ ಅಂತ ಮಕ್ಕಳಿಗೆ ತಿಳಿಯಲಿ ಎಂದು ಮನೆಯಲ್ಲಿ 'ಖಾಲಿ ಸಮಾಧಿ' ಬನ್ ಮಾಡುತ್ತಿದ್ದೇವೆ. ಮಗನಿಗೆ 6 ವರ್ಷ, ಮಗಳಿಗೆ 4.

ಬಿಳಿ ಮಾರ್ಷ್‌ಮ್ಯಾಲೋ (ಬಿಸಿಗೆ ಕರಗುವ ಮೆತ್ತನೆಯ ಸಿಹಿ) ಯೇಸುವಿನ ದೇಹ. ಅದನ್ನು ಕರಗಿಸಿದ ಬೆಣ್ಣೆಯಲ್ಲಿ ಅದ್ದಿ, ಸಕ್ಕರೆ ಮತ್ತು ಚಕ್ಕೆ ಪುಡಿಯಲ್ಲಿ ಹೊರಳಿಸುತ್ತೇವೆ. ಅದು ದೇಹಕ್ಕೆ ಹಚ್ಚುವ ತೈಲ, ಸುಗಂಧದ್ರವ್ಯ. ಸುತ್ತುವ ಮೈದಾ ಹಿಟ್ಟು ದೇಹಕ್ಕೆ ಸುತ್ತಿದ ನಾರುಮಡಿ ಬಟ್ಟೆ, ಓವನ್ ಸಮಾಧಿ. ಬೆಂದ ಬನ್ ಮುರಿದರೆ ಒಳಗೆ ಖಾಲಿ! ಮಕ್ಕಳ ಮುಖ ಆಗ ನೋಡಬೇಕು.

ತೊಂದರೆ ಅಲ್ಲೇ ಶುರು. "ಬಿಸಿಗೆ ಕರಗಿ ಹೋದ್ರಾ?" ಅಂತ ಮಗಳು ಕೇಳುತ್ತಾಳೆ. ಇಲ್ಲ ಪುಟ್ಟಿ, ಮೂರನೇ ದಿನ ಜೀವಂತವಾಗಿ ಎದ್ದು ಬಂದರು ಎಂದೆ. ಚಿತ್ರಗಳ ಬೈಬಲ್ ತೋರಿಸಿದೆ. ಮಗ ಒಪ್ಪಿದ. ಅವಳು ಮಾತ್ರ ಒಳಗಿನ ಅಂಟು ಮುಟ್ಟಿ "ಇಲ್ಲೇ ಇದೆಯಲ್ಲಮ್ಮಾ" ಎನ್ನುತ್ತಾಳೆ. ಅವಳು ನೋಡಿದ್ದು ಸರಿಯೇ ಅಲ್ವಾ? ಸುಮ್ನೆ ಗದರಿಸಿ ನಂಬಿಸಲು ನನಗೆ ಇಷ್ಟವಿಲ್ಲ.

ಸಂಡೇ ಸ್ಕೂಲ್‌ನಲ್ಲಿ ಚಿಕ್ಕವರಿಗೆ ಕಲಿಸುವವರು ದಯವಿಟ್ಟು ಹೇಳಿ. ಮಾರ್ಷ್‌ಮ್ಯಾಲೋವನ್ನು ಯೇಸು ಎನ್ನದೆ, ಖಾಲಿ ಜಾಗ ಮಾತ್ರ ತೋರಿಸಿ ಕಥೆ ಹೇಳಿದರೆ ಸಾಕಾ? ಇಲ್ಲಾ, 4 ವರ್ಷದ ಮಗುವಿಗೆ ಬೇರೆ ಯಾವ ತಿಂಡಿ ಮಾಡಿಸುತ್ತಾ ಇದನ್ನು ತಿಳಿಸಬಹುದು?