ಅಪ್‌ಡೇಟ್: ನೋಟಿಸ್ ಹಾಕಿದರೂ ಜನ ಬರುತ್ತಿರಲಿಲ್ಲ ಎಂದಿದ್ದೆನಲ್ಲ

ಹೋದ ಸಲ ಕೇಳಿದ್ದು ನೆನಪಿದೆಯಾ? ನಮ್ಮದು ಸಣ್ಣ ಊರು. ಕಾರ್ಯಕ್ರಮಕ್ಕೆ ನೋಟಿಸ್ ಅಂಟಿಸುತ್ತೇವೆ, ಆದರೆ ಮುಗಿದ ಮೇಲೆ ಜನ "ನಮಗೆ ಗೊತ್ತೇ ಆಗಲಿಲ್ಲ" ಅಂತಾರೆ, ಏನು ಮಾಡೋದು ಅಂತ. ನೀವು ಹೇಳಿದ್ದರಲ್ಲಿ ಕೆಲವನ್ನು ಮಾಡಿ ನೋಡಿದೆ.

ಮೊದಲು ಬೋರ್ಡಿನಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ಕಿತ್ತೆ. ಎಂದೋ ಮುಗಿದುಹೋದ ಕಾರ್ಯಕ್ರಮಗಳ ನೋಟಿಸೇ ಜಾಸ್ತಿ ಇದ್ದವು! ಅದರ ನಡುವೆ ಹೊಸದನ್ನು ಯಾರು ಹುಡುಕುತ್ತಾರೆ ಹೇಳಿ.

ಆಮೇಲೆ ನನ್ನದೇ ನೋಟಿಸ್ ಓದಿ ನಾಚಿಕೆಯಾಯಿತು. ಅರ್ಧ ಪುಟ ಸ್ವಾಗತ, ಗಣ್ಯರ ಹೆಸರು. ದಿನಾಂಕ ಕೊನೆಯ ಸಾಲಿನಲ್ಲಿ, ವಾರವೇ ಇಲ್ಲ. ಈಗ ಏನು, ಯಾವಾಗ, ಎಲ್ಲಿ ಅನ್ನುವುದು ಮೇಲೆಯೇ ದಪ್ಪ ಅಕ್ಷರದಲ್ಲಿದೆ. ದಿನಾಂಕದ ಪಕ್ಕದಲ್ಲಿ ವಾರದ ಹೆಸರೂ ಇದೆ. ಎ4 ಬಿಟ್ಟು ಎ3 ಹಾಳೆ ತೆಗೆದುಕೊಂಡೆ, ಜಾಗ ಸರಿಯಾಗಿ ಎರಡರಷ್ಟು ಸಿಗುತ್ತದೆ. ಇಂಕ್‌ಜೆಟ್ ಪ್ರಿಂಟ್ ಒಂದೇ ಮಳೆಗೆ ಕದಡಿಹೋಗಿತ್ತು, ಹಾಗಾಗಿ ಲೇಸರ್ ಪ್ರಿಂಟ್ ಮಾಡಿಸಿದೆ. ಅದರ ಟೋನರ್ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ನೀರಿಗೆ ಹರಡುವುದಿಲ್ಲ. ಕಾಗದ ಮಾತ್ರ ನೆನೆಯುತ್ತದೆ ಅನ್ನಿ.

ಜನ ನಿಂತು ಕಾಯುವ ಕಡೆ ಅಂಟಿಸಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಈ ಸಲ ಹಾಕಿದ್ದ ಕುರ್ಚಿ ಸಾಲದೆ ಕೆಲವರು ಹಿಂದೆ ನಿಂತರು. ಹಾಗಂತ ಎಲ್ಲ ಸರಿಯಾಯಿತು ಅಂತಲ್ಲ. ಪಕ್ಕದ ಮನೆಯವರು ಮರುದಿನ ಬಂದು ಕೇಳಿದರು: "ಕಾರ್ಯಕ್ರಮ ಯಾವತ್ತು?"