ರಿಸ್ಕ್-ಫೈವ್ ಬೋರ್ಡ್‌ನಲ್ಲಿ ಹಳೆಯ ಲೈಬ್ರರಿ ಬಿಲ್ಡ್ ಆಗುತ್ತಿಲ್ಲ, ಬಿಟ್ಟುಬಿಡಲಾ?

ಪ್ರಶ್ನೆ: ಸರ್, ರಿಸ್ಕ್-ಫೈವ್ (ಇಂಟೆಲ್‌ಗಿಂತ ಬೇರೆ ಬಗೆಯ ಪ್ರೊಸೆಸರ್) ಬೋರ್ಡ್‌ಗೆ ಡೆಬಿಯನ್ 13 ಲಿನಕ್ಸ್ ಹಾಕಿದ್ದೇನೆ. 2008ರ ಒಂದು ಸಿ ಲೈಬ್ರರಿ ಬೇಕಿತ್ತು. ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಬಿಲ್ಡ್ ಆಗುತ್ತದೆ. ಇಲ್ಲಿ ಕಾನ್ಫಿಗರ್ (ಬಿಲ್ಡ್‌ಗೂ ಮೊದಲು ಸಿಸ್ಟಂ ಪರೀಕ್ಷಿಸುವ) ಹಂತದಲ್ಲೇ ಸಿಸ್ಟಂ ಯಾವುದೆಂದು ಗೊತ್ತಾಗಲಿಲ್ಲ ಅಂತ ನಿಂತುಬಿಡುತ್ತದೆ. ಸಪೋರ್ಟ್ ಇಲ್ಲ ಅಂತ ಕೈಬಿಡಲಾ?

ಉತ್ತರ (ಪ್ಯಾಕೇಜಿಂಗ್ ಕೆಲಸದವರು): ಬೇಡ. ಇನ್ನೂ ಕಂಪೈಲರ್ ನಿಮ್ಮ ಕೋಡ್ ನೋಡೇ ಇಲ್ಲ. ಟಾರ್‌ಬಾಲ್ (ಸೋರ್ಸ್ ಕೋಡ್‌ನ ಕಂತೆ) ಒಳಗೆ ಕಾನ್ಫಿಗ್.ಗೆಸ್, ಕಾನ್ಫಿಗ್.ಸಬ್ ಅನ್ನೋ ಎರಡು ಸ್ಕ್ರಿಪ್ಟ್ ಇರುತ್ತವೆ. ಪ್ರೊಸೆಸರ್‌ಗಳ ಹೆಸರು ಗೊತ್ತಿರೋದು ಅವಕ್ಕೆ. ರಿಸ್ಕ್-ಫೈವ್ ಬರ್ಕ್ಲಿಯಲ್ಲಿ ಶುರುವಾಗಿದ್ದೇ 2010ರಲ್ಲಿ, 2008ರ ಸ್ಕ್ರಿಪ್ಟ್‌ಗೆ ಅದು ಹೇಗೆ ಗೊತ್ತಿರುತ್ತೆ ಹೇಳಿ! ಆಟೋಟೂಲ್ಸ್-ಡೆವ್ ಪ್ಯಾಕೇಜ್ ಹಾಕಿಕೊಂಡು, ಅದರಲ್ಲಿರುವ ಹೊಸ ಎರಡು ಫೈಲ್‌ಗಳನ್ನು ಹಳೆಯವುಗಳ ಮೇಲೆ ಕಾಪಿ ಮಾಡಿ.

ಪ್ರಶ್ನೆ: ಅದು ದಾಟಿತು ಸರ್. ಈಗ 'ಎಕ್ಸ್86 (ಲ್ಯಾಪ್‌ಟಾಪ್‌ನ ಇಂಟೆಲ್ ಬಗೆಯ ಪ್ರೊಸೆಸರ್) ಮಾತ್ರ' ಅನ್ನೋ, ಕಂಪೈಲ್ ಬೇಕೆಂದೇ ನಿಲ್ಲಿಸುವ ಹ್ಯಾಶ್-ಎರರ್ ಸಾಲಿಗೆ ಬಂದು ನಿಂತಿದೆ. ಆ ಸಾಲು ಅಳಿಸಿದರೆ ಸಾಕಲ್ವಾ?

ಉತ್ತರ: ಸುಮ್ನೆ ಅಳಿಸಬೇಡಿ. ಅದನ್ನು ಬರೆದವರು ಯಾಕೆ ಬರೆದರು ಅಂತ ಮೊದಲು ನೋಡಿ. ಎಸ್‌ಎಸ್‌ಇ2 (ಒಟ್ಟಿಗೆ ಹಲವು ಲೆಕ್ಕ ಮಾಡುವ, ಎಕ್ಸ್86ಗೆ ಮಾತ್ರ ಇರುವ) ಸೂಚನೆಗಳು ಇವೆ ಅನ್ನೋ ಕಾರಣಕ್ಕಾದರೆ ಸುಲಭ: ಮಾಮೂಲಿ ಸಿ ಕೋಡ್ ಪಕ್ಕದಲ್ಲೇ ಇದ್ದರೆ ಅದನ್ನು ಆನ್ ಮಾಡಿ, ಇಲ್ಲದಿದ್ದರೆ ಆ ಸೂಚನೆಗಳನ್ನು ಬೇರೆ ಪ್ರೊಸೆಸರ್‌ನಲ್ಲೂ ನಡೆಸಿಕೊಡುವ ಸಿಮ್ಡ್-ಎವೆರಿವೇರ್ ಹೆಡರ್ ಸೇರಿಸಿ. ಥ್ರೆಡ್‌ಗಳು (ಒಟ್ಟಿಗೆ ಓಡುವ ಕೆಲಸಗಳು) ಲಾಕ್ ಇಲ್ಲದೆ ಬರೀ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಅಂತ ಕಂಪೈಲರ್‌ಗೆ ಹೇಳುವ) ವೇರಿಯಬಲ್ ನಂಬಿಕೊಂಡಿದ್ದರೆ ಮಾತ್ರ ಹುಷಾರು. ಎಕ್ಸ್86ನಲ್ಲಿ ಒಂದು ಕೋರ್ ಬರೆದದ್ದು ಬೇರೆ ಕೋರ್‌ಗಳಿಗೆ ಬರೆದ ಕ್ರಮದಲ್ಲೇ ಕಾಣುತ್ತದೆ. ರಿಸ್ಕ್-ಫೈವ್‌ನಲ್ಲಿ ಆ ಖಾತ್ರಿ ಇಲ್ಲ. ಬಿಲ್ಡ್ ಚೆನ್ನಾಗೇ ಆಗುತ್ತೆ, ಡೇಟಾ ಮಾತ್ರ ಯಾವಾಗಲೋ ಒಮ್ಮೆ ಕೆಡುತ್ತೆ. ಇಂಥ ಬಗ್ ಹುಡುಕೋದು ಶತ್ರುವಿಗೂ ಬೇಡ. ಅಲ್ಲಿ ಸಿ11 ಅಟಾಮಿಕ್ಸ್ (ಥ್ರೆಡ್‌ಗಳ ನಡುವೆ ಕ್ರಮ ಕಾಯುವ ಸಿ ಸೌಲಭ್ಯ) ಬಳಸಿ ತಿದ್ದಿ. ಲಿಂಕರ್ ಅಟಾಮಿಕ್ ಫಂಕ್ಷನ್ ಸಿಗಲಿಲ್ಲ ಅಂದರೆ ಲಿಬ್‌ಅಟಾಮಿಕ್ ಲೈಬ್ರರಿ ಸೇರಿಸಿ, ಅಷ್ಟೇ.

ಪ್ರಶ್ನೆ: ಎಸ್‌ಎಸ್‌ಇ2 ಮಾತ್ರ ಇತ್ತು, ಸಿ ಕೋಡ್ ಆನ್ ಮಾಡಿದೆ. ಬಿಲ್ಡ್ ಆಯ್ತು! ಆದರೆ ಒಂದು ಟೆಸ್ಟ್ ಮುಗಿಯುವುದೇ ಇಲ್ಲ. ಫೈಲ್ ಓದುವ ಲೂಪ್‌ನಲ್ಲಿ ಸುತ್ತುತ್ತಲೇ ಇದೆ.

ಉತ್ತರ: ಗೆಟ್‌ಸಿ (ಫೈಲ್‌ನಿಂದ ಒಂದೊಂದೇ ಅಕ್ಷರ ಓದುವ ಫಂಕ್ಷನ್) ಕೊಟ್ಟಿದ್ದನ್ನು 'ಚಾರ್' ವೇರಿಯಬಲ್‌ನಲ್ಲಿ ಇಟ್ಟಿದ್ದಾರಾ ನೋಡಿ. ಎಕ್ಸ್86 ಲಿನಕ್ಸ್‌ನಲ್ಲಿ ಚಾರ್‌ಗೆ ಮೈನಸ್ ಸಂಖ್ಯೆ ಹಿಡಿಸುತ್ತದೆ, ರಿಸ್ಕ್-ಫೈವ್ ಮತ್ತು ಆರ್ಮ್‌ನಲ್ಲಿ ಇಲ್ಲ. ಹಾಗಾಗಿ ಫೈಲ್ ಮುಗಿಯಿತು ಅನ್ನೋ -1 ಇಲ್ಲಿ 255 ಆಗಿಬಿಡುತ್ತದೆ, ಲೂಪ್ ನಿಲ್ಲುವುದಿಲ್ಲ. ಸೈನ್ಡ್-ಚಾರ್ ಫ್ಲ್ಯಾಗ್ ಕೊಟ್ಟು ಒಮ್ಮೆ ಬಿಲ್ಡ್ ಮಾಡಿ. ಟೆಸ್ಟ್ ಮುಗಿದರೆ ಕಾರಣ ಅದೇ. ಆಮೇಲೆ ಫ್ಲ್ಯಾಗ್ ತೆಗೆದು, ವೇರಿಯಬಲ್ ಅನ್ನು 'ಇಂಟ್' ಮಾಡಿ, ಆ ಪ್ಯಾಚ್ ಅನ್ನು ಲೈಬ್ರರಿ ನೋಡಿಕೊಳ್ಳುವವರಿಗೆ ಕಳಿಸಿ.