ಜಿಮ್ನಿಗೆ ಯಾವ ಟೈರ್, ಎಷ್ಟು ಗಾಳಿ? (ಪುಣೆ ಘಾಟು, ಇಂಡಿ ಎರೆಹೊಲ ಎರಡಕ್ಕೂ)

ಇಂಡಿ ನಿಂಬೆ (ಪುಣೆ)

ಎಲ್ಲರಿಗೂ ನಮಸ್ಕಾರ. ನಾನಿರುವುದು ಹಡಪ್ಸರದಲ್ಲಿ, ಊರು ಇಂಡಿ ತಾಲ್ಲೂಕು. ಗಾಡಿ ಜಿಮ್ನಿ (ಮಾರುತಿಯ ಪುಟ್ಟ 4x4, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ), 2023ರದು. 41 ಸಾವಿರ ಕಿ.ಮೀ. ಓಡಿದೆ. ಕಂಪನಿಯಿಂದ ಬಂದ 195/80 ಆರ್15 ಟೈರ್‌ಗಳೇ (ಅಗಲ 195 ಮಿ.ಮೀ., ಬದಿಯ ಎತ್ತರ ಆ ಅಗಲದ ನೂರಕ್ಕೆ 80, ರಿಮ್ 15 ಇಂಚು) ಇನ್ನೂ ಇವೆ. ನಡುಭಾಗ ಸವೆದು ಬೋಳಾಗುತ್ತಾ ಬಂದಿದೆ, ಅಂಚು ಮಾತ್ರ ಚೆನ್ನಾಗಿದೆ. ಬದಲಿಸುವ ಕಾಲ ಬಂತು ಅನ್ನಿ.

ನನ್ನ ಓಡಾಟ ಹೀಗಿದೆ. ತಿಂಗಳಿಗೊಮ್ಮೆ ಊರಿಗೆ. ಸೋಲಾಪುರ ದಾಟಿ, ಭೀಮಾ ದಾಟಿ, ಝಳಕಿಯಲ್ಲಿ ತಿರುಗಿ ಇಂಡಿ. ಒಂದು ಕಡೆಗೆ 300 ಕಿ.ಮೀ.ಗೂ ಜಾಸ್ತಿ, ಹೆಚ್ಚುಕಮ್ಮಿ ಎಲ್ಲಾ ಹೈವೇ. ಕೊನೆಯ ಎರಡು ಕಿ.ಮೀ. ನಮ್ಮ ನಿಂಬೆ ತೋಟದ ಬಂಡಿದಾರಿ. ಅಪ್ಪಟ ಎರೆಮಣ್ಣು, ಎರಡೂ ಬದಿಗೆ ಜಾಲಿ. ಬಿಡುವಿದ್ದ ಭಾನುವಾರ ಪುಣೆ ಹತ್ತಿರದ ಪಾನಶೇತ್, ವೆಲ್ಹೆ, ತಾಮ್ಹಿಣಿ ಘಾಟಿನ ಕಡೆ ಗೆಳೆಯರ ಜೊತೆ ಕಚ್ಚಾ ದಾರಿ ಸುತ್ತಾಟ.

ಕಳೆದ ಮಳೆಗಾಲದಲ್ಲಿ ಎರಡು ಅವಮಾನ ಆದವು. ಮೊದಲನೆಯದು ವೆಲ್ಹೆ ಹತ್ತಿರ, ಸಡಿಲ ಕಲ್ಲಿನ ಒಂದು ಏರು. 4ಎಲ್ (ನಾಲ್ಕೂ ಚಕ್ರ ನಿಧಾನಕ್ಕೆ, ಬಲವಾಗಿ ಎಳೆಯುವ ಗೇರು) ಹಾಕಿದರೂ ಗಾಡಿ ಚೆಂಡಿನ ಹಾಗೆ ಪುಟಿಯುತ್ತಿತ್ತೇ ಹೊರತು ಹತ್ತಲಿಲ್ಲ. ನನ್ನ ಹಿಂದಿದ್ದ ಮಾರುತಿಯ ಹಳೆಯ ಜಿಪ್ಸಿ, ಅದರ ಟೈರು ನನ್ನದಕ್ಕಿಂತ ಬೋಳು, ಆರಾಮಾಗಿ ಹತ್ತಿ ಹೋಯಿತು. ಎರಡನೆಯದು ನಮ್ಮ ಹೊಲದಲ್ಲೇ. ಟೈರಿಗೆ ಮಣ್ಣು ಮೆತ್ತಿ ಗಾಡಿ ಜಾರಿ ಒಡ್ಡಿಗೆ ಹೋಗಿ ಕೂತಿತು. ಪಕ್ಕದ ಹೊಲದವರ ಟ್ರ್ಯಾಕ್ಟರ್ ತರಿಸಿ ಎಳೆಸಿದೆವು. ಅಪ್ಪ ಹೇಳಿದ್ದು: "ಪುಣೆಯಿಂದ ಗಾಡಿ ತಂದಿಯೋ, ಎಮ್ಮೆ ತಂದಿಯೋ? ಕೆಸರು ಕಂಡ ಕೂಡಲೇ ಕೂತುಬಿಡುತ್ತದೆ."

ಟೈರ್ ಅಂಗಡಿಯವನು 235/75ರ ಎಂ.ಟಿ. (ಕೆಸರಿಗೆಂದೇ ಮಾಡಿದ ದಪ್ಪ ಹಲ್ಲಿನ ಮಡ್ ಟೆರೇನ್ ಟೈರು) ಹಾಕಿಸಿ ಎನ್ನುತ್ತಾನೆ. ಗೆಳೆಯ 215/75ರ ಎ.ಟಿ. (ಡಾಂಬರು, ಕಚ್ಚಾ ದಾರಿ ಎರಡಕ್ಕೂ ಆಗುವ ಆಲ್ ಟೆರೇನ್ ಟೈರು) ಸಾಕು ಎನ್ನುತ್ತಾನೆ. ಇನ್ನು ಗಾಳಿ ಎಷ್ಟು ಅಂತಲೇ ಗೊತ್ತಾಗುತ್ತಿಲ್ಲ. ಪಂಪಿನ ಹುಡುಗ ಕೇಳುವುದೂ ಇಲ್ಲ, ಸ್ವಿಫ್ಟ್ ಬಂದರೂ ಬೊಲೆರೊ ಬಂದರೂ "ಪಸ್ತೀಸ್" (ಮರಾಠಿಯಲ್ಲಿ 35) ಅಂತ ಹಾಕಿಬಿಡುತ್ತಾನೆ. ಸೋಲಾಪುರದ ಬಿಸಿಲಿಗೆ ಗಾಳಿ ಕಮ್ಮಿ ಇರಬೇಕು ಅನ್ನುವವರೂ ಇದ್ದಾರೆ. ಏನು ಮಾಡಲಿ?

ಹಳೇ ಜಿಪ್ಸಿ (ಡೊಂಬಿವಲಿ)

ತಮ್ಮಾ, ವೆಲ್ಹೆಯಲ್ಲಿ ಹತ್ತಿದ ಜಿಪ್ಸಿ ನನ್ನದಲ್ಲ. ಆದರೆ ಅವನು ಏನು ಮಾಡಿದ್ದ ಅಂತ ಹೇಳಬಲ್ಲೆ. ಏರಿನ ಬುಡದಲ್ಲಿ ನಿಲ್ಲಿಸಿ ಗಾಳಿ ಇಳಿಸಿದ್ದ.

ನಡು ಸವೆದಿದೆ, ಅಂಚು ಚೆನ್ನಾಗಿದೆ ಅಂತ ನೀನೇ ಬರೆದಿದ್ದೀಯ. ಗಾಳಿ ಜಾಸ್ತಿಯಾದ ಟೈರು ನಡುವೆ ಉಬ್ಬಿಕೊಂಡು ಓಡುತ್ತದೆ, ಸವೆಯುವುದೂ ಅಲ್ಲೇ. ಕಮ್ಮಿಯಾದರೆ ಎರಡೂ ಅಂಚು ಸವೆಯುತ್ತದೆ. 41 ಸಾವಿರ ಕಿ.ಮೀ. ನೀನು ಟೈರಿನ ಅರ್ಧ ಅಗಲದ ಮೇಲೆ ಓಡಿಸಿದ್ದೀಯ ಮಾರಾಯ. ಹಾಗಾಗಿ ಮೊದಲು ಕೊಳ್ಳಬೇಕಾದದ್ದು ಟೈರಲ್ಲ, ಒಂದು ಒಳ್ಳೆಯ ಗಾಳಿ ಗೇಜು. ಪಂಪಿನ ಮೀಟರನ್ನು ನಂಬಬೇಡ.

ಜಿಮ್ನಿ ಹಗುರ ಗಾಡಿ, ಖಾಲಿ ಇದ್ದಾಗ 1,200 ಕೆ.ಜಿ. ಆಸುಪಾಸು. ಟೈರು ಎಷ್ಟು ಚಪ್ಪಟೆಯಾಗಿ ನೆಲ ಹಿಡಿಯುತ್ತದೆ ಅನ್ನುವುದು ಮೇಲಿನ ಭಾರ, ಒಳಗಿನ ಗಾಳಿ ಎರಡನ್ನೂ ಸೇರಿಸಿ ತೀರ್ಮಾನ ಆಗುತ್ತದೆ. ಬೊಲೆರೊಗೆ ಹಾಕುವ ಗಾಳಿಯನ್ನು ಜಿಮ್ನಿಗೆ ಹಾಕಿದರೆ ಟೈರು ಕಲ್ಲಿನ ಹಾಗೆ ನಿಲ್ಲುತ್ತದೆ. ಕಲ್ಲಿನ ಮೇಲೆ ಕಲ್ಲು ಉರುಳುತ್ತದೆ, ಹಿಡಿಯುವುದಿಲ್ಲ. ನೀನು ಪುಟಿದದ್ದು ಅದಕ್ಕೇ. ಟೈರಿನ ಸೈಡ್‌ವಾಲ್ (ಬದಿಯ ಗೋಡೆ) ಮೇಲೆ ಅಚ್ಚೊತ್ತಿದ ಗರಿಷ್ಠ ಗಾಳಿಯ ಅಂಕಿಯನ್ನು ನೋಡಿ ತುಂಬಿಸುವವರೂ ಇದ್ದಾರೆ. ಅದು ಆ ಟೈರು ತಡೆಯುವ ಮಿತಿ. ನಿನ್ನ ಗಾಡಿಗೆ ಬೇಕಾದದ್ದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿರುವ ಸ್ಟಿಕ್ಕರ್‌ನಲ್ಲಿದೆ. ಊರಿಗೆ ಹೋಗುವಾಗ ಅದೇ ಅಂಕಿ. ವಾಪಸ್ ಬರುವಾಗ ನಾಲ್ಕು ಜನ, ಜೊತೆಗೆ ನಿಂಬೆ ಚೀಲ ತುಂಬಿಕೊಂಡರೆ ತುಂಬಿದ ಗಾಡಿಗೆ ಬರೆದಿರುವ ಅಂಕಿ.

ಬೆಳಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಹೈವೇಯಲ್ಲಿ ಒಂದು ಗಂಟೆ ಓಡಿದ ಮೇಲೆ 4 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಲೆಕ್ಕ) ಆಸುಪಾಸು ಏರುತ್ತದೆ, ಅದು ಸಹಜ. ಬಿಸಿಯಾದಾಗ ಏರಿದ್ದನ್ನು ನೋಡಿ ಗಾಬರಿಯಾಗಿ ತೆಗೆಯಬೇಡ, ಆರಿದ ಮೇಲೆ ಕಮ್ಮಿಯಾಗುತ್ತದೆ. ಬೇಸಿಗೆಯಲ್ಲಿ ಕಮ್ಮಿ ಹಾಕು ಅನ್ನುವ ಮಾತು ತಲೆಕೆಳಗು. ಗಾಳಿ ಕಮ್ಮಿಯಾದಷ್ಟೂ ಸೈಡ್‌ವಾಲ್ ಜಾಸ್ತಿ ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ಹೈವೇಯಲ್ಲಿ ಟೈರು ಸಿಡಿಯುವುದಕ್ಕೆ ಈ ಕಾವು ದೊಡ್ಡ ಕಾರಣ.

ಗಾಳಿ ಇಳಿಸುವುದು ಡಾಂಬರು ಬಿಟ್ಟ ಮೇಲೆ. ನಿನ್ನ ಗಾಡಿಗೆ ನಾನಾದರೆ ಗರಸು, ಸಡಿಲ ಕಲ್ಲಿಗೆ 18ರಿಂದ 20, ಮೆತ್ತನೆ ಮಣ್ಣಿಗೆ 15ರಿಂದ 16. ಅದಕ್ಕಿಂತ ಕೆಳಗೆ ಹೋದರೆ ಜೋರಾಗಿ ತಿರುಗಿಸಿದಾಗ ಟೈರು ರಿಮ್ಮಿನಿಂದ ಕಳಚುವ ಭಯ. ವೇಗ 25, 30ರೊಳಗೆ. ಡಾಂಬರು ಸಿಕ್ಕಿದ ಕೂಡಲೇ ತುಂಬಿಸಲೇಬೇಕು, ಅದಕ್ಕೆ 12 ವೋಲ್ಟಿನ ಸಣ್ಣ ಕಂಪ್ರೆಸರ್ ಇಟ್ಟುಕೋ. ನನ್ನದು ಟ್ಯೂಬ್ ಇರುವ ಟೈರು. ಅದರಲ್ಲಿ ತುಂಬಾ ಇಳಿಸಿದರೆ ಒಳಗೆ ಟ್ಯೂಬ್ ಸರಿದು ವಾಲ್ವ್ ಬುಡದಲ್ಲಿ ಹರಿಯುತ್ತದೆ. ಒಂದು ರಾತ್ರಿ ಮಾಲ್ಶೇಜ್ ಘಾಟಿನಲ್ಲಿ ಕೂತು ಕಲಿತ ಪಾಠ ಅದು. ನಿಂದು ಟ್ಯೂಬ್‌ಲೆಸ್, ಆ ಕಾಟ ಇಲ್ಲ.

ಕೆಸರುಗದ್ದೆ (ಠಾಣೆ)

ಕಾಕಾ ಹೇಳಿದ್ದು ಸರಿ, ಆದರೆ ಎರೆಮಣ್ಣಿಗೆ ಎಂ.ಟಿ. ಬಿಟ್ಟು ಬೇರೆ ಮದ್ದಿಲ್ಲ. ಎ.ಟಿ. ಹಲ್ಲುಗಳ ಸಂದಿ ಸಣ್ಣದು, ಎರಡು ಸುತ್ತು ತಿರುಗುವಷ್ಟರಲ್ಲಿ ಮಣ್ಣು ತುಂಬಿ ಲಟ್ಟಣಿಗೆ ಆಗುತ್ತದೆ. 235/75 ಹಾಕಿಸಿ, ಗಾಡಿ ನೋಡುವುದಕ್ಕೂ ಗಂಡಾಗಿ ಕಾಣುತ್ತದೆ.

ಹಳೇ ಜಿಪ್ಸಿ (ಡೊಂಬಿವಲಿ)

ನೋಡುವುದಕ್ಕೆ ಅನ್ನುವುದಾದರೆ ನಾನು ವಾದಕ್ಕೆ ಬರುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ. 195/80ರ ಎತ್ತರ 693 ಮಿ.ಮೀ., 215/75ರದು 703, 235/75ರದು 733. ಕೊನೆಯದನ್ನು ಹಾಕಿದರೆ ಗಾಡಿ ಏರುವುದು 20 ಮಿ.ಮೀ., ಎರಡು ಬೆರಳೂ ಇಲ್ಲ. ಸ್ಪೀಡೋಮೀಟರ್ ಅದೇ ಅಂಕಿ ತೋರಿಸಿದರೂ ಗಾಡಿಯ ನಿಜವಾದ ವೇಗ ಈಗಿನದಕ್ಕಿಂತ ನೂರಕ್ಕೆ ಆರರಷ್ಟು ಜಾಸ್ತಿ. ಜಿಮ್ನಿಯ ರಿಮ್ 5.5 ಇಂಚು ಅಗಲ, 235ಕ್ಕೆ ಕಡಿಮೆ ಅಂದರೂ 6 ಇಂಚು ಬೇಕು. ಅಂದರೆ ರಿಮ್ಮೂ ಹೊಸದು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜಲೂಬಹುದು. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಇಷ್ಟು ಭಾರ ಹೊರಿಸಿ ತಿಂಗಳಿಗೆ 600 ಕಿ.ಮೀ. ಹೈವೇಯಲ್ಲಿ ಗುಂಯ್ ಅನ್ನಿಸಿಕೊಂಡು ಹೋಗಬೇಕು, ಎರಡು ಕಿ.ಮೀ. ಹೊಲಕ್ಕೋಸ್ಕರ. ಒದ್ದೆ ಡಾಂಬರಿನಲ್ಲಿ ಎಂ.ಟಿ. ಬ್ರೇಕ್ ಹಿಡಿಯುವುದೂ ಅಷ್ಟಕ್ಕಷ್ಟೇ. ತಾಮ್ಹಿಣಿಯ ಮಳೆ ಗೊತ್ತಲ್ಲ?

ಎಂ.ಟಿ. ಮಣ್ಣು ಉದುರಿಸುತ್ತದೆ, ನಿಜ. ಆದರೆ ಚಕ್ರ ಜೋರಾಗಿ ತಿರುಗಿದಾಗ ಮಾತ್ರ. ಬಂಡಿದಾರಿಯಲ್ಲಿ ಹಾಗೆ ತಿರುಗಿಸಿದರೆ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಜಂಬಿಟ್ಟಿಗೆ (ಫೋಂಡಾ, ಗೋವಾ)

ಅಣ್ಣಾ, ನನ್ನದೂ ಜಿಮ್ನಿ, 215/75ರ ಎ.ಟಿ. ಹಾಕಿಸಿ ಒಂದು ವರ್ಷ ಆಯಿತು. ಮೇಲಕ್ಕೆ ಎತ್ತಿಸದೆಯೇ ಕೂರುತ್ತದೆ, ಹಳೇ ರಿಮ್ಮೇ ಸಾಕು. ಇನ್ನೊಂದು ಲಾಭ ಯಾರೂ ಹೇಳಲಿಲ್ಲ. ಇದು ಬೊಲೆರೊ ಸೈಜು. ಇಂಡಿಯಲ್ಲಿ ರಾತ್ರಿ ಎಂಟಕ್ಕೆ ಟೈರು ಹರಿದರೂ ಸಿಗುವ ಸಾಧ್ಯತೆ ಇದೆ. 195/80ಕ್ಕಾದರೆ ಪುಣೆಯಲ್ಲೇ ಎರಡು ದಿನ ಕಾಯಿಸಿದ್ದರು ನನ್ನನ್ನು.

ನಮ್ಮ ಕಡೆ ಎರೆ ಇಲ್ಲ, ಕೆಂಪು ಜಂಬಿಟ್ಟಿಗೆ ನೆಲ. ಬೇಸಿಗೆಯಲ್ಲಿ ಅದರ ಹರಳು ಕಾಲಡಿಯ ರಾಗಿ ಕಾಳಿನ ಹಾಗೆ ಉರುಳುತ್ತದೆ. 20ಕ್ಕೆ ಇಳಿಸಿದರೆ ಹಿಡಿತ ಬೇರೆಯೇ. ಅಂದ ಹಾಗೆ ಗೋವಾಕ್ಕೆ ಬಂದರೆ ಗಾಳಿ ಇಳಿಸಿ ಬೀಚಿಗೆ ಮಾತ್ರ ಇಳಿಸಬೇಡಿ. ಇಲ್ಲಿ ಬೀಚಿನಲ್ಲಿ ಗಾಡಿ ಓಡಿಸುವುದು ನಿಷೇಧ, ಪೊಲೀಸರು ಕೇಸು ಹಾಕುತ್ತಾರೆ.

ಟೈರು ಐದು ಕೊಳ್ಳಿ, ನಾಲ್ಕಲ್ಲ. 4x4 ಹಾಕಿದಾಗ ಮುಂದಿನ ಹಿಂದಿನ ಚಕ್ರ ಒಂದೇ ಲೆಕ್ಕದಲ್ಲಿ ತಿರುಗಬೇಕು. ಸ್ಟೆಪ್ನಿ ಬೇರೆ ಸೈಜಾದರೆ ಒಳಗಿನ ಗೇರುಗಳಿಗೆ ಏಟು. ಸೈಡ್‌ವಾಲ್ ಮೇಲೆ ನಾಲ್ಕು ಅಂಕಿಯ ದಿನಾಂಕವನ್ನೂ ನೋಡಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಜಾಲಿ ಮುಳ್ಳಿಗೆ ಪಂಕ್ಚರ್ ಹಾಕುವ ಸ್ಟ್ರಿಪ್ ಕಿಟ್ ಜೊತೆಗಿರಲಿ. ಸೈಡ್‌ವಾಲ್ ಹರಿದರೆ ಮಾತ್ರ ಯಾರು ಏನೇ ಹೇಳಿದರೂ ರಿಪೇರಿ ಮಾಡಿಸಬೇಡಿ.

ಇಂಡಿ ನಿಂಬೆ (ಪುಣೆ)

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೇಜು ತಂದ ಮೊದಲ ಬೆಳಗ್ಗೆ ಅಳೆದರೆ ಮುಂದೆ 38, 38. ಹಿಂದೆ 37, 39. ಸ್ಟಿಕ್ಕರಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಂದರೆ ಪಂಪಿನವನ "ಪಸ್ತೀಸ್" ಕೂಡ ಪಸ್ತೀಸ್ ಆಗಿರಲಿಲ್ಲ. ಸ್ಟಿಕ್ಕರಿನಷ್ಟಕ್ಕೆ ಇಳಿಸಿ ಸೊಸೈಟಿ ಗೇಟಿನ ಹಂಪ್ ದಾಟಿದರೆ, ಹಿಂದೆ ಕೂತಿದ್ದ ಹೆಂಡತಿ "ಸಸ್ಪೆನ್ಶನ್ ಬದಲಿಸಿದಿರಾ?" ಅಂತ ಕೇಳಿದಳು.

ಹೊಸ ಟೈರಿಗೆ ದುಡ್ಡು ಕೊಡುವ ಮೊದಲು ಹಳೇ ಟೈರಿನಲ್ಲೇ ವೆಲ್ಹೆಯ ಏರು ನೋಡೋಣ ಅನಿಸಿತು. ನೆಲ ಒಣಗಿತ್ತು, ಅದನ್ನೂ ಹೇಳಬೇಕು. ಬುಡದಲ್ಲಿ 18ಕ್ಕೆ ಇಳಿಸಿದೆ. ಮೊದಲ ಸಲ ಅರ್ಧಕ್ಕೆ ನಿಂತಿತು, ಹೆದರಿ ನಾನೇ ಆಕ್ಸಿಲರೇಟರ್ ಬಿಟ್ಟೆ. ಎರಡನೇ ಸಲ ಸುಮ್ನೆ ಒಂದೇ ಹದದಲ್ಲಿ ಬಿಟ್ಟೆ, ಪುಟಿಯದೆ ಹತ್ತಿತು. ವಾಪಸ್ ತುಂಬಿಸುವುದಕ್ಕೆ ಕಂಪ್ರೆಸರ್ ಟೈರಿಗೆ ಐದಾರು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಒಂದು ಚಹಾ ಆಗುತ್ತದೆ.

ಆಮೇಲೆ 215/75ರ ಎ.ಟಿ. ಐದು ತೆಗೆದುಕೊಂಡೆ. ಫೋಂಡಾದ ತಂಗಿ ಹೇಳಿದ ಹಾಗೆ ದಿನಾಂಕ ನೋಡಿದರೆ ಐದರಲ್ಲಿ ಒಂದು ಮೂರು ವರ್ಷ ಹಳೆಯದು. ವಾಪಸ್ ಕೊಟ್ಟು ಬೇರೆ ಹಾಕಿಸಿದೆ. ಕಾಕಾ, ಹೊಸ ಟೈರಿಗೂ ಸ್ಟಿಕ್ಕರಿನ ಅಂಕಿಯೇ ಸರಿಯಾ?

ಹಳೇ ಜಿಪ್ಸಿ (ಡೊಂಬಿವಲಿ)

ಅಲ್ಲಿಂದಲೇ ಶುರು ಮಾಡು. ಟೈರಿನ ಅಡ್ಡಕ್ಕೆ ಈ ಅಂಚಿನಿಂದ ಆ ಅಂಚಿನವರೆಗೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆ. ಸಮತಟ್ಟು ಡಾಂಬರಿನಲ್ಲಿ ನೂರು ಮೀಟರ್ ನೇರ ಓಡಿಸು. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಮ್ಮಿ. ಒಂದೊಂದೇ ಪಿಎಸ್‌ಐ ಬದಲಿಸಿ ನೋಡು. ಸ್ಟಿಕ್ಕರಿಗಿಂತ ಕೆಳಗೆ ಮಾತ್ರ ಹೈವೇಗೆ ಹೋಗಬೇಡ.

ಇಂಡಿ ನಿಂಬೆ (ಪುಣೆ)

ಮಗಳ ಸೀಮೆಸುಣ್ಣದ ಡಬ್ಬಿ ಮುಗಿಯಿತು ಕಾಕಾ. ಸ್ಟಿಕ್ಕರಿಗೆ 1 ಪಿಎಸ್‌ಐ ಸೇರಿಸಿದರೆ ಗೆರೆ ಎಲ್ಲಾ ಕಡೆ ಒಂದೇ ಸಮ ಅಳಿಸುತ್ತದೆ. ಅದಕ್ಕೇ ನಿಲ್ಲಿಸಿದೆ.

ಹೋದ ವಾರ ಊರಿಗೂ ಹೋಗಿದ್ದೆ. ಹಿಂದಿನ ರಾತ್ರಿ ಚೆನ್ನಾಗಿ ಮಳೆ. ಬಂಡಿದಾರಿಯ ತುದಿಯಲ್ಲಿ 16ಕ್ಕೆ ಇಳಿಸಿ, ಕಂಪ್ರೆಸರ್ ಪಕ್ಕದಲ್ಲಿಟ್ಟುಕೊಂಡು ತಯಾರಾಗಿದ್ದೆ. ಅಪ್ಪ ಎರಡು ಹೆಜ್ಜೆ ಹೊಲದೊಳಗೆ ಇಟ್ಟು, ಚಪ್ಪಲಿಗೆ ಮೆತ್ತಿದ ಒಂದು ಸೇರು ಮಣ್ಣನ್ನು ತೋರಿಸಿ, "ಇವತ್ತು ಟ್ರ್ಯಾಕ್ಟರೂ ಒಳಗೆ ಹೋಗುವುದಿಲ್ಲ, ಎರಡು ದಿನ ಬಿಡು" ಅಂದರು. ಮತ್ತೆ ಗಾಳಿ ತುಂಬಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಇಬ್ಬರೂ ನಡೆದೇ ತೋಟಕ್ಕೆ ಹೋದೆವು.